ದವಡೆಯಂಚಿನ ನರಶಾಖೆ

ಬಾಯಿಯ ಕ್ಯಾನ್ಸರಿಗಾಗಿ ದವಡೆಯ ಕೆಳಭಾಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಕೆಲವರು ಗಾಯ ಮಾಗಿದ ಮೇಲೆ ತಮ್ಮ ಮುಖದಲ್ಲಿ ಒಂದು ವ್ಯತ್ಯಾಸವನ್ನು ಗಮನಿಸುತ್ತಾರೆ. ಬಾಯಿ ಮುಚ್ಚಿಕೊಂಡಿರುವಾಗ ಮುಖ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ನಕ್ಕಾಗ ಮಾತ್ರ ಕೆಳತುಟಿಯ ಒಂದು ಪಾರ್ಶ್ವ ಕೆಳಗಿಳಿದು ಹಲ್ಲುಗಳು ಕಾಣುತ್ತವೆ. ಇನ್ನೊಂದು ಪಾರ್ಶ್ವ ಇದ್ದಲ್ಲಿಯೇ ನಿಲ್ಲುತ್ತದೆ. ಕೆಲವರಿಗೆ ನೀರು ಕುಡಿಯುವಾಗ ಬಾಯಿಯ ಮೂಲೆಯಿಂದ ಸೋರುವುದೂ ಉಂಟು. ಲಕ್ವ ಹೊಡೆಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಆದರೆ ಇದರ ಕಾರಣ ಸಾಮಾನ್ಯವಾಗಿ ಮೆದುಳಿನಲ್ಲಿರುವುದಿಲ್ಲ; ದವಡೆಯ ಅಂಚಿನಲ್ಲಿ ಹಾದುಹೋಗುವ, ದಾರದೆಳೆಯಷ್ಟು ತೆಳುವಾದ ಒಂದು ನರಶಾಖೆಯಲ್ಲಿರುತ್ತದೆ.

ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಏಳನೆಯದು ಮುಖನರ. ಇದು ಕಿವಿಯ ಹಿಂದಿನ ಮೂಳೆಯೊಳಗಿನ ಕಿರಿದಾದ ಕಾಲುವೆಯ ಮೂಲಕ ಸಾಗಿ, ಕಿವಿಯ ಕೆಳಗೆ ಹೊರಬಂದು, ಮಂಗನಬಾವಿನಲ್ಲಿ ಊದಿಕೊಳ್ಳುವ ಜೊಲ್ಲುಗ್ರಂಥಿಯನ್ನು ಪ್ರವೇಶಿಸುತ್ತದೆ. ಅಲ್ಲಿ ಮೇಲಿನದು, ಕೆಳಗಿನದು ಎಂದು ಎರಡು ಕವಲುಗಳಾಗಿ, ಅವು ಮತ್ತೆ ಕವಲೊಡೆದು ಐದು ಮುಖ್ಯ ಶಾಖೆಗಳಾಗುತ್ತವೆ. ಈ ಕವಲೊಡೆಯುವ ಸ್ಥಾನಕ್ಕೆ ಪಾಶ್ಚಾತ್ಯ ಅಂಗರಚನಾ ಶಾಸ್ತ್ರಜ್ಞರು ಲ್ಯಾಟಿನ್ ಭಾಷೆಯಲ್ಲಿ ಇಟ್ಟಿರುವ ಹೆಸರಿನ ಅರ್ಥ ಬಾತಿನ ಪಾದ ಎಂದು. ಬರಹದಲ್ಲಿ ಬಿಟ್ಟುಹೋದ ಅಕ್ಷರವನ್ನು ಸೇರಿಸಲು ಹಾಕುವ ಹಂಸಪಾದದ ಗುರುತನ್ನು ಬಲ್ಲ ಕನ್ನಡ ಓದುಗರಿಗೆ ಈ ಹೋಲಿಕೆ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ.

ಐದು ಶಾಖೆಗಳಲ್ಲಿ ಮೊದಲನೆಯದು ಕಣತಲೆಯ ಕಡೆಗೆ ಹೋಗಿ ಹಣೆಯನ್ನೂ, ಎರಡನೆಯದು ಕೆನ್ನೆಮೂಳೆಯ ಮೇಲೆ ಹಾದು ಕಣ್ಣು ಮುಚ್ಚುವ ಸ್ನಾಯುವನ್ನೂ, ಮೂರನೆಯದು ಕೆನ್ನೆ ಮತ್ತು ಮೇಲ್ತುಟಿಯನ್ನೂ ಚಲಿಸುವಂತೆ ಮಾಡುತ್ತವೆ. ಐದನೆಯದು ಕತ್ತಿನ ಚರ್ಮದಡಿಯ ತೆಳುವಾದ ಸ್ನಾಯುವಿಗೆ ಸಲ್ಲುತ್ತದೆ. ನಾಲ್ಕನೆಯದೇ ದವಡೆಯಂಚಿನ ಶಾಖೆ. ಕೆಳತುಟಿಯನ್ನು ಕೆಳಗೆಳೆಯುವ, ಬಾಯಿಯ ಮೂಲೆಯನ್ನು ಇಳಿಸುವ ಮತ್ತು ಗಲ್ಲದ ಚರ್ಮವನ್ನು ಮೇಲೆತ್ತುವ ಸ್ನಾಯುಗಳು ಇದರ ಅಧೀನದಲ್ಲಿವೆ. ಕೆನ್ನೆಯ ಶಾಖೆಗಳು ಪರಸ್ಪರ ಹೆಣೆದುಕೊಂಡಿರುವುದರಿಂದ ಒಂದು ಎಳೆ ಕಡಿದರೂ ನೆರೆಯದು ಆ ಕೆಲಸವನ್ನು ಬಹುಮಟ್ಟಿಗೆ ವಹಿಸಿಕೊಳ್ಳುತ್ತದೆ. ದವಡೆಯಂಚಿನ ಶಾಖೆಗೆ ಅಂತಹ ನೆರೆಹೊರೆ ಕಡಿಮೆ. ಆದ್ದರಿಂದಲೇ ಅದಕ್ಕಾದ ಪೆಟ್ಟು ಎದ್ದು ಕಾಣುತ್ತದೆ.

ಹಲ್ಲು ಕಚ್ಚಿದಾಗ ದವಡೆಯ ಹಿಂಭಾಗದಲ್ಲಿ ಒಂದು ಸ್ನಾಯು ಗಟ್ಟಿಯಾಗುತ್ತದೆ. ಅದರ ಮುಂದಂಚಿನಲ್ಲಿ, ದವಡೆಮೂಳೆಯ ಕೆಳತುದಿಯ ಮೇಲೆ ಬೆರಳಿಟ್ಟರೆ ನಾಡಿ ಮಿಡಿಯುವುದು ತಿಳಿಯುತ್ತದೆ. ಇದು ಮುಖದ ಅಪಧಮನಿ. ದವಡೆಯಂಚಿನ ಶಾಖೆ ಈ ಅಪಧಮನಿಯನ್ನೂ ಅದರ ಜೊತೆಗಾರ ಅಭಿಧಮನಿಯನ್ನೂ ಹೊರಗಿನಿಂದ ದಾಟಿ ತುಟಿಯತ್ತ ಸಾಗುತ್ತದೆ. ಅಮೆರಿಕದ ಶಸ್ತ್ರವೈದ್ಯರಾದ ಡಿಂಗ್‌ಮನ್ ಮತ್ತು ಗ್ರಾಬ್ 1962ರಲ್ಲಿ 100 ಮುಖಾರ್ಧಗಳ ಛೇದನದ ಫಲಿತಾಂಶಗಳನ್ನು ಪ್ರಕಟಿಸಿದರು. ಅಪಧಮನಿಯ ಹಿಂದಿನ ಭಾಗದಲ್ಲಿ ಶೇಕಡಾ 81ರಷ್ಟು ಮುಖಾರ್ಧಗಳಲ್ಲಿ ನರವು ದವಡೆಯ ಕೆಳಂಚಿಗಿಂತ ಮೇಲೆಯೇ ಇತ್ತು. ಉಳಿದವುಗಳಲ್ಲಿ ಅಂಚಿನಿಂದ 1 ಸೆಂಟಿಮೀಟರಿನವರೆಗೆ ಕೆಳಗಿಳಿದಿತ್ತು. ಆದರೆ 1979ರಲ್ಲಿ ಬೇಕರ್ ಮತ್ತು ಕಾನ್ಲಿ ಎಂಬ ಶಸ್ತ್ರವೈದ್ಯರು ಜೀವಂತ ರೋಗಿಗಳ ಶಸ್ತ್ರಚಿಕಿತ್ಸೆಯ ಅನುಭವವನ್ನು ಬರೆಯುತ್ತಾ, ನರವು ಬಹುತೇಕ ಎಲ್ಲರಲ್ಲಿಯೂ ಅಂಚಿಗಿಂತ 1ರಿಂದ 2 ಸೆಂಟಿಮೀಟರ್ ಕೆಳಗಿತ್ತೆಂದು ತಿಳಿಸಿದರು. ಸಂರಕ್ಷಿಸಿದ ಶವದಲ್ಲಿ ಅಂಗಾಂಶಗಳು ಬಿಗಿದು ನಿಂತಿರುತ್ತವೆ. ಜೀವಂತ ವ್ಯಕ್ತಿಯ ಕತ್ತನ್ನು ಹಿಂದಕ್ಕೆ ಬಾಗಿಸಿ ಪಕ್ಕಕ್ಕೆ ತಿರುಗಿಸಿದಾಗ, ಅದರಲ್ಲೂ ವಯಸ್ಸಾದವರ ಸಡಿಲ ಚರ್ಮದಲ್ಲಿ, ನರವೂ ಜೊತೆಯಲ್ಲೇ ಸರಿಯುತ್ತದೆ.

ಛೇದನದ ಮೇಜಿಗೂ ಶಸ್ತ್ರಚಿಕಿತ್ಸೆಯ ಮೇಜಿಗೂ ಇರುವ ಈ ಅಂತರ ಕೇವಲ ಪಾಂಡಿತ್ಯದ ವಿಷಯವಲ್ಲ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ (2023ರವರೆಗೆ ಔರಂಗಾಬಾದ್) 1956ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 1998ರಲ್ಲಿ ನಾಸಿಕದಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆ. ಅಲ್ಲಿನ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಶವಚ್ಛೇದನದ ಮೂಲಕ ಮುಖನರದ ಶಾಖೆಗಳನ್ನು ಗುರುತಿಸಲು ಕಲಿಯುತ್ತಾರೆ. ಇದಕ್ಕೆ ಬೇಕಾದ ದೇಹಗಳು ದೊರೆಯುವುದು ಆ ರಾಜ್ಯದಲ್ಲಿ 1949ರ ಅಂಗರಚನಾ ಶಾಸ್ತ್ರ ಅಧಿನಿಯಮದ ಮೇರೆಗೆ. ಕರ್ನಾಟಕದಲ್ಲಿ ಇದೇ ಉದ್ದೇಶದ ಅಧಿನಿಯಮ 1957ರದು. ಇದೇ ಸಂಭಾಜಿನಗರದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ರಾಜ್ಯ ಕ್ಯಾನ್ಸರ್ ಸಂಸ್ಥೆಯೂ ಆಗಿದ್ದು, ಮರಾಠವಾಡದ ರೋಗಿಗಳು ಚಿಕಿತ್ಸೆಗಾಗಿ ಅಲ್ಲಿಗೆ ಬರುತ್ತಾರೆ. ಸುಣ್ಣ ಬೆರೆಸಿದ ತಂಬಾಕನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳುವ ಅಭ್ಯಾಸ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಇದೆ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದರೂ ತಂಬಾಕಿನ ಹಾವಳಿ ತಗ್ಗಿದೆಯೆನ್ನಲಾಗದು. ಕೆನ್ನೆ ಮತ್ತು ವಸಡಿನ ಕ್ಯಾನ್ಸರ್ ಮೊದಲು ಹರಡುವುದು ದವಡೆಯ ಕೆಳಗಿನ ದುಗ್ಧರಸ ಗ್ರಂಥಿಗಳಿಗೆ. ಅವು ಇರುವುದು ಈ ನರಶಾಖೆಯ ಮಗ್ಗುಲಲ್ಲೇ.

ಗ್ರಂಥಿಗಳನ್ನು ತೆಗೆಯದೆ ರೋಗ ನಿಲ್ಲುವುದಿಲ್ಲ. ತೆಗೆಯುವಾಗ ನರವನ್ನು ಕಾಯಬೇಕು. ಆದ್ದರಿಂದ ಶಸ್ತ್ರವೈದ್ಯರು ದವಡೆಯ ಅಂಚಿನಿಂದ ಸುಮಾರು ಎರಡು ಬೆರಳಗಲ ಕೆಳಗೆ ಚರ್ಮವನ್ನು ಸೀಳುತ್ತಾರೆ. ಅಭಿಧಮನಿಯನ್ನು ಕೆಳಗೆ ಕಟ್ಟಿ ಕತ್ತರಿಸಿ ಮೇಲಕ್ಕೆ ಮಡಿಚಿದರೆ ಅದರ ಹೊರಮೈಯಲ್ಲಿರುವ ನರವೂ ಸುರಕ್ಷಿತವಾಗಿ ಮೇಲೇರುತ್ತದೆ. ಕ್ಯಾನ್ಸರಿನ ಗಡ್ಡೆ ನರಕ್ಕೇ ಅಂಟಿಕೊಂಡಿದ್ದರೆ ಪ್ರಾಣರಕ್ಷಣೆಗಾಗಿ ನರವನ್ನು ಬಿಟ್ಟುಕೊಡಬೇಕಾಗುತ್ತದೆ. ಈ ಸಾಧ್ಯತೆಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ ತಿಳಿಯುವ ಹಕ್ಕು ರೋಗಿಗಿದೆ. ಕೊಳೆತ ಹಲ್ಲಿನಿಂದ ದವಡೆಯ ಕೆಳಗೆ ಕೀವು ತುಂಬಿದಾಗ ತರಬೇತಿಯಿಲ್ಲದವರಿಂದ ಅದನ್ನು ಕೊಯ್ಯಿಸಿಕೊಳ್ಳುವುದು ಈ ಕಾರಣದಿಂದಲೂ ಅಪಾಯಕರ.

ಎಲ್ಲ ಸೊಟ್ಟಬಾಯಿಯೂ ಈ ಶಾಖೆಯದಲ್ಲ. ಕೆಳಹಲ್ಲು ಕೀಳಿಸಿದ ಮೇಲೆ ತುಟಿ ಜೋಮು ಹಿಡಿದಂತಿದ್ದರೆ ಅದು ಸ್ಪರ್ಶಜ್ಞಾನವನ್ನು ನೀಡುವ ಐದನೆಯ ನರಕ್ಕೆ ಸಂಬಂಧಿಸಿದ್ದು. ಹಣೆ ಸುಕ್ಕುಗಟ್ಟದೆ, ಕಣ್ಣು ಮುಚ್ಚಲಾಗದೆ ಮುಖದ ಅರ್ಧಭಾಗವೇ ಸೋತಿದ್ದರೆ ಇಡೀ ಮುಖನರಕ್ಕೆ ತೊಂದರೆಯಾಗಿದೆಯೆಂದು ತಿಳಿಯಬೇಕು. ಹೀಗೆ ಹಠಾತ್ತಾಗಿ ಕಾಣಿಸಿಕೊಳ್ಳುವ ಬೆಲ್ಸ್ ಪಾಲ್ಸಿಗೆ 72 ಗಂಟೆಗಳೊಳಗೆ ಸ್ಟಿರಾಯ್ಡ್ ಚಿಕಿತ್ಸೆ ಆರಂಭಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಹಣೆ ಸರಿಯಾಗಿದ್ದು, ಬಾಯಿ ಸೊಟ್ಟಗಾಗುವುದರೊಡನೆ ಕೈ ಸೋತು ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದವಡೆಯಂಚಿನ ಶಾಖೆ ಕಡಿಯದೆ ಕೇವಲ ಎಳೆತಕ್ಕೆ ಸಿಕ್ಕಿದ್ದರೆ ತುಟಿಯ ಚಲನೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಆರು ತಿಂಗಳೊಳಗೆ ಮರಳುತ್ತದೆ. ಕಡಿದ ನರದ ತುದಿಗಳನ್ನು ಜೋಡಿಸಿದರೂ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ಚಲನೆ ಮರಳದೇ ಹೋದವರಿಗೆ ಎದುರು ಪಾರ್ಶ್ವದ ತುಟಿಯ ಸ್ನಾಯುವಿಗೆ ಬೊಟುಲಿನಮ್ ಚುಚ್ಚುಮದ್ದು ನೀಡಿ ಎರಡೂ ಕಡೆಯ ನಗುವನ್ನು ಸಮಗೊಳಿಸುವ ಕ್ರಮವಿದೆ. ಇದರ ಪರಿಣಾಮ ಉಳಿಯುವುದು ಮೂರು ನಾಲ್ಕು ತಿಂಗಳು. ಅನಂತರ ಮತ್ತೆ ಕೊಡಿಸಬೇಕಾಗುತ್ತದೆ.