‘45/*/2’ ಹುಡುಕಿದರೆ ‘45/2’ ಸಿಕ್ಕೀತು!

ಸಾಸ್ವೆಹಳ್ಳಿ (ಹೊನ್ನಾಳಿ ತಾ.): ‘ಭೂಮಿ’ ತಂತ್ರಾಂಶದ ಪಹಣಿಯಲ್ಲಿ ಜಮೀನಿನ ಗುರುತು ಮೂರು ಭಾಗಗಳಲ್ಲಿರುತ್ತದೆ: ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ. ಸರ್‌ನೋಕ್‌ನ ಜಾಗದಲ್ಲಿ ಹೆಚ್ಚಾಗಿ ಕಾಣುವುದು ನಕ್ಷತ್ರ ಚಿಹ್ನೆ. ಉದಾಹರಣೆಗೆ 45/*/2. (ಇದು ವಿವರಣೆಗಾಗಿ ಬಳಸಿದ ಸಂಖ್ಯೆ, ಈ ಹೋಬಳಿಯ ಯಾರ ಜಮೀನನ್ನೂ ಕುರಿತದ್ದಲ್ಲ.) ರೈತನಿಗೆ ಇದು ಸಲೀಸು. ಆದರೆ ಸಾವಿರಾರು ಸಂಖ್ಯೆಗಳ ಪಟ್ಟಿಯಲ್ಲಿ ಇದನ್ನು ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಮೂಲಕ ಹುಡುಕಹೊರಟ ಪ್ರೋಗ್ರಾಮರ್‌ಗೆ ಓರೆಗೆರೆ, ನಕ್ಷತ್ರ ಎರಡೂ ತೊಡಕೇ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದರೆ ಪಠ್ಯದಲ್ಲಿ ಹುಡುಕಬೇಕಾದ ವಿನ್ಯಾಸದ ಸೂತ್ರ. ಪರ್ಲ್, ಪಿಎಚ್‌ಪಿಯಂಥ ಭಾಷೆಗಳಲ್ಲಿ ಸೂತ್ರದ ಎರಡು ತುದಿಗೂ ಒಂದು ಚಿಹ್ನೆ ನೆಡಬೇಕು. ಇದೇ ಡಿಲಿಮಿಟರ್, ಹೊಲದ ಬಾಂದುಕಲ್ಲಿದ್ದಂತೆ. ವಾಡಿಕೆಯ ಕಲ್ಲು ಓರೆಗೆರೆ. ಪಿಎಚ್‌ಪಿಯಲ್ಲಿ /45/*/2/ ಎಂದು ಬರೆದರೆ 45ರ ಮುಂದಿನ ಗೆರೆಯನ್ನೇ ಯಂತ್ರ ಎಲ್ಲೆಯೆಂದು ತಿಳಿದು, ಉಳಿದದ್ದು ಅರ್ಥವಾಗದೆ ದೋಷ ತೋರಿಸುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಒಳಗಿನ ಗೆರೆಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಟ್ಟು ‘ಇದು ಬರಿಯ ಅಕ್ಷರ’ ಎಂದು ಸೂಚಿಸುವುದು ಒಂದು. ಇದಕ್ಕೆ ಎಸ್ಕೇಪ್ ಎನ್ನುತ್ತಾರೆ. ಆಗ ಸೂತ್ರ /45\/\*\/2/ ಆಗುತ್ತದೆ. ಓದಲು ಕಣ್ಣು ನೋಯುತ್ತದೆ. ಕಲ್ಲನ್ನೇ ಬದಲಿಸುವುದು ಇನ್ನೊಂದು: #45/\*/2#. ಪಠ್ಯದಲ್ಲಿ ಬಾರದ ಚಿಹ್ನೆಯನ್ನು ಆರಿಸಿಕೊಳ್ಳುವ ಈ ಕ್ರಮವೇ ಲೇಸು. ಜಾವಾಸ್ಕ್ರಿಪ್ಟ್‌ನಲ್ಲಿ ನೇರವಾಗಿ ಬರೆಯುವ ಸೂತ್ರಕ್ಕೆ ಮಾತ್ರ ಓರೆಗೆರೆಯೇ ಗತಿ.

ಡಿಲಿಮಿಟರ್ ಬದಲಾದರೂ ನಕ್ಷತ್ರದ ಹಿಂದಿನ ಬ್ಯಾಕ್‌ಸ್ಲ್ಯಾಶ್ ಹಾಗೇ ಉಳಿದದ್ದನ್ನು ಓದುಗರು ಗಮನಿಸಬೇಕು. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯವರಿಂದ 1950ರ ದಶಕದಲ್ಲಿ ಬಂದ ಈ ಚಿಹ್ನೆಗೆ ‘ಹಿಂದಿನದು ಎಷ್ಟು ಸಲವಾದರೂ ಬರಲಿ, ಬಾರದೆಯೂ ಇರಲಿ’ ಎಂಬ ಅರ್ಥವಿದೆ. ಬ್ಯಾಕ್‌ಸ್ಲ್ಯಾಶ್ ಮರೆತು #45/*/2# ಎಂದರೆ ಯಾವ ದೋಷವೂ ಕಾಣಿಸದು. ಆದರೆ 45/2 ಸಿಗುತ್ತದೆ, 45/*/2 ಸಿಗುವುದಿಲ್ಲ. ದೋಷ ತೋರಿಸಿ ನಿಲ್ಲುವ ಪ್ರೋಗ್ರಾಮ್‌ಗಿಂತ ಇದು ಅಪಾಯಕಾರಿ. ಬೆಳೆ ಪರಿಹಾರದ ಪಟ್ಟಿಯಲ್ಲಿ ಹೀಗಾದರೆ ಒಬ್ಬ ರೈತನ ಹೆಸರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಪಿಎಚ್‌ಪಿಯ ‘ಪ್ರೆಗ್-ಕ್ವೋಟ್’ ನಕ್ಷತ್ರವನ್ನು ತಾನೇ ಎಸ್ಕೇಪ್ ಮಾಡುತ್ತದೆ. ಓರೆಗೆರೆಯೇ ಡಿಲಿಮಿಟರ್ ಆಗಿದ್ದರೆ ಅದನ್ನು ಬೇರೆಯಾಗಿ ತಿಳಿಸಬೇಕು, ಇಲ್ಲದಿದ್ದರೆ ಗೆರೆಗಳನ್ನು ಅದು ಮುಟ್ಟುವುದಿಲ್ಲ.

ಇಷ್ಟಾದರೂ 145/*/2 ಮತ್ತು 45/*/21 ಬಲೆಗೆ ಬಿದ್ದಾವು. ಅವನ್ನು ಹೊರಗಿಡಲು ಆರಂಭ, ಅಂತ್ಯಗಳ ಗುರುತು ಸೇರಿಸಿ #^45/\*/2$# ಎಂದು ಬರೆಯಬೇಕು.