ಮಾಸ್ತಿಯವರ ಮನೆಯಲ್ಲಿ ಓದುಗರ ಪಾಲು

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮ ತಮಿಳುನಾಡಿನ ಗಡಿಗೆ ಹತ್ತಿರದ ಊರು. ‘ಮಾಸ್ತಿ ಕನ್ನಡದ ಆಸ್ತಿ’ ಎಂದು ನಾವೆಲ್ಲ ಬಾಯಿತುಂಬ ಹೇಳುವ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆ ಅಲ್ಲಿದೆ. ಇಂದು ಅದು ಸರ್ಕಾರದ ನಿರ್ವಹಣೆಯಲ್ಲಿರುವ ಗ್ರಂಥಾಲಯ. ಪುಸ್ತಕ ಬೇಕೆನ್ನುವ ಹುಡುಗನಿಗೂ ಪೇಪರ್ ಓದಲು ಬರುವ ಹಿರಿಯರಿಗೂ ಅಲ್ಲಿ ಜಾಗವಿದೆ.

ಸಾಹಿತಿಯ ಮನೆಯನ್ನು ಉಳಿಸಬೇಕು ಎಂದಾಗ ನಮಗೆ ಮೊದಲು ಹೊಳೆಯುವುದು ವಸ್ತುಸಂಗ್ರಹಾಲಯ. ಕುಪ್ಪಳಿಯ ಕವಿಮನೆ ಆ ದಾರಿಯಲ್ಲಿ ಚೆನ್ನಾಗಿ ಬೆಳೆದಿದೆ, ಅಲ್ಲಿಗೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಆದರೆ ಮಾಸ್ತಿಯಂಥ ಊರಿಗೆ ಪ್ರವಾಸಿಗಳ ಬಸ್ಸು ದಿನಾ ಬರುವುದಿಲ್ಲ. ಬರುವವರು ಊರಿನವರೇ. ಅವರಿಗೆ ನೋಡುವ ಮನೆಗಿಂತ ಕೂತು ಓದುವ ಮನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಮನೆಯನ್ನು ಗ್ರಂಥಾಲಯ ಮಾಡಿದ್ದು ಬಹಳ ಸರಿಯಾದ ನಿರ್ಧಾರವೆಂದು ನಾನು ನಂಬುತ್ತೇನೆ.

ಮಾಸ್ತಿಯವರ ಬದುಕನ್ನು ಬಲ್ಲವರಿಗೆ ಇದು ಇನ್ನಷ್ಟು ಒಪ್ಪಿಗೆಯಾಗುತ್ತದೆ. 1891ರ ಜೂನ್ 6ರಂದು ಹುಟ್ಟಿದ ಅವರು ಬಡತನದಲ್ಲಿ, ಶಿವಾರಪಟ್ಟಣ, ಮಳವಳ್ಳಿ, ಮೈಸೂರು ಎಂದು ಊರಿಂದೂರಿಗೆ ಹೋಗಿ ಓದಿದವರು. ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಮೈಸೂರು ಸಿವಿಲ್ ಸರ್ವಿಸ್ ಸೇರಿ, ದೊಡ್ಡ ಅಧಿಕಾರಿಯಾದರು. 1943ರಲ್ಲಿ ಆ ಕೆಲಸ ಬಿಟ್ಟ ಮೇಲೆ 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆ ನಡೆಸಿದರು. ‘ಚಿಕವೀರ ರಾಜೇಂದ್ರ’ ಬರೆದ ಕೈಗೆ 1983ರ ಜ್ಞಾನಪೀಠ ಬಂತು. ಓದಲೆಂದು ಊರು ಬಿಟ್ಟು ಹೋಗಬೇಕಾಗಿದ್ದ ಹುಡುಗನ ಮನೆಯಲ್ಲಿ ಇಂದು ಊರಿನ ಮಕ್ಕಳು ಊರಲ್ಲೇ ಕೂತು ಓದಬಹುದು.

ಈಗ ಕಟ್ಟಡದ ಮಾತು. ಹಳೆಯ ಮನೆಗೆ ದೊಡ್ಡ ಶತ್ರು ನೀರು. ಒಂದು ಹೆಂಚು ಸೀಳಿದರೆ ಮಳೆನೀರು ರೀಪಿನ ಮೇಲೆ ಹರಿದು ಗೋಡೆಗೆ ಇಳಿಯುತ್ತದೆ. ಗೋಡೆ ತೇವವಾದರೆ ಗೆದ್ದಲು ಬರುತ್ತದೆ. ಗೋಡೆಗೆ ಒತ್ತಿ ಇಟ್ಟ ಬೀರುವಿನ ಹಿಂಬದಿಯಿಂದ ಅದು ಪುಸ್ತಕಕ್ಕೆ ದಾಟಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನಿಂದ ನೋಡಿದರೆ ಬೆನ್ನುಪಟ್ಟಿಗಳು ಸಾಲಾಗಿ ನಿಂತಿರುತ್ತವೆ, ಕೈಗೆತ್ತಿಕೊಂಡರೆ ಒಳಗೆ ಬರೀ ಮಣ್ಣು. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು ನಿಲ್ಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಇದಕ್ಕೆ ಯಾವ ಅನುದಾನವೂ ಬೇಡ. ನೆಂದ ಪುಸ್ತಕವನ್ನು ಬಿಸಿಲಿಗೆ ಹಾಕಬಾರದು, ಹಾಳೆ ಮುರುಟುತ್ತದೆ. ಅಂಟಿದ ಹಾಳೆಗಳನ್ನು ಹಸಿಯಲ್ಲೇ ಬಿಡಿಸಲೂ ಹೋಗಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ತುಸು ಬಿಚ್ಚಿ ನಿಲ್ಲಿಸಬೇಕು.

ಇನ್ನೊಂದು ಅಪಾಯ ದುರಸ್ತಿಯ ಹೆಸರಿನಲ್ಲೇ ಬರುತ್ತದೆ. ಕೋಲಾರ ಸೀಮೆಯ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ, ಸುಣ್ಣದ ಗಾರೆ ಕಾಣುತ್ತೇವೆ. ಅಂಥ ಗೋಡೆ ತೇವವನ್ನು ಎಳೆದುಕೊಳ್ಳುತ್ತದೆ, ಮತ್ತೆ ಹೊರಗೂ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ನೀರಿಗೆ ಹೊರಗೆ ಬರಲು ದಾರಿಯಿಲ್ಲದಂತಾಗುತ್ತದೆ. ಮೇಲ್ನೋಟಕ್ಕೆ ನುಣುಪಾಗಿ ಕಾಣುವ ಗೋಡೆ ಒಳಗಿನಿಂದ ಕಳಚತೊಡಗುತ್ತದೆ. ಗುತ್ತಿಗೆಯ ಅಂದಾಜುಪಟ್ಟಿ ಬರೆಯುವವರು ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಮೊದಲು ಕೇಳಬೇಕು. ಹೆಂಚಿಗಂತೂ ದೂರ ಹೋಗಬೇಕಾಗಿಲ್ಲ, ಹೆಂಚು ಮತ್ತು ಇಟ್ಟಿಗೆಗೆ ಮಾಲೂರೇ ಹೆಸರಾದ ಊರು. ಒಂದು ಅಳತೆಯ ಹೆಂಚಿಗೆ ಇನ್ನೊಂದು ಸರಿಯಾಗಿ ಕೂರುವುದಿಲ್ಲವಾದ್ದರಿಂದ ಹೊದಿಸುವಾಗಲೇ ಒಂದಿಷ್ಟು ಹೆಚ್ಚು ತಂದು ಹಿತ್ತಲಲ್ಲಿ ಜೋಡಿಸಿಡುವುದು ಒಳ್ಳೆಯದು.

ಆದರೆ ಕಟ್ಟಡವನ್ನು ನಿಜವಾಗಿ ಉಳಿಸುವುದು ದಿನವೂ ಬಾಗಿಲು ತೆಗೆಯುವ ಕೈ. ದಿನಾ ಕಿಟಕಿ ತೆರೆದು, ಕಸ ಹೊಡೆದು, ಓದುಗರು ಬಂದು ಹೋಗುವ ಮನೆಯಲ್ಲಿ ಸೋರಿಕೆ ಮೊದಲ ಮಳೆಗೇ ಗೊತ್ತಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ತೊಲೆ ಕುಸಿದಿರುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಇದಕ್ಕೆ ಒಳ್ಳೆಯ ಸಾಕ್ಷಿ. 1915ರಿಂದ ಅದು ಗ್ರಂಥಾಲಯ, ಈಗಲೂ ರಾಜ್ಯ ಕೇಂದ್ರ ಗ್ರಂಥಾಲಯ. ನೂರು ವರ್ಷ ದಾಟಿದರೂ ಜನ ಅಲ್ಲಿ ಓದುತ್ತಲೇ ಇದ್ದಾರೆ, ಹಾಗಾಗಿ ಅದನ್ನು ಕೈಬಿಡುವ ಧೈರ್ಯ ಯಾರಿಗೂ ಬಂದಿಲ್ಲ.

ಬಾಗಿಲು ತೆಗೆಯುವ ಕೈಗೆ ಸಂಬಳ ಎಲ್ಲಿಂದ? ಇಲ್ಲಿ ನಮ್ಮ ರಾಜ್ಯ ಒಂದು ದೊಡ್ಡ ಕೆಲಸ ಮಾಡಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಗರಕ್ಕೂ ಜಿಲ್ಲೆಗೂ ಗ್ರಂಥಾಲಯ ಪ್ರಾಧಿಕಾರಗಳನ್ನು ಕೊಟ್ಟಿತು, ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿತು. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೇ ಗ್ರಂಥಾಲಯ ಕರ ಶೇ 6 ಎಂದು ಇರುತ್ತದೆ. ಪುಸ್ತಕ ಮುಟ್ಟದವರೂ ಅದನ್ನು ಕಟ್ಟುತ್ತಾರೆ. ಪುರಸಭೆ, ನಗರಸಭೆಗಳು ಜನರಿಂದ ವಸೂಲಿ ಮಾಡಿದ ಈ ಹಣವನ್ನು ಗ್ರಂಥಾಲಯಕ್ಕೆ ದಾಟಿಸಬೇಕು. ಎಷ್ಟೋ ಕಡೆ ಅದು ಬಾಕಿಯಾಗಿಯೇ ಉಳಿದುಬಿಡುತ್ತದೆ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಓದುವ ಕೋಣೆ ಸೋರುವುದಕ್ಕೂ ಪುರಸಭೆಯ ಲೆಕ್ಕಪುಸ್ತಕಕ್ಕೂ ಇರುವ ಸಂಬಂಧವನ್ನು ಊರಿನವರು ಕಂಡುಕೊಳ್ಳದೆ ಕಟ್ಟಡ ಉಳಿಯದು.

ಹಳ್ಳಿಗಳ ಕಥೆ ಈಚೆಗೆ ತುಸು ಬದಲಾಗಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು, ಈಗ ಅವುಗಳ ಹೆಸರು ‘ಅರಿವು ಕೇಂದ್ರ’.

ಗಡಿ ತಾಲ್ಲೂಕುಗಳಿಗೆ ಗ್ರಂಥಾಲಯ ಮತ್ತೂ ಮುಖ್ಯ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಕನ್ನಡ ಅಲ್ಲಿನ ಮಕ್ಕಳಿಗೆ ಶಾಲೆಯಲ್ಲಿ, ಆಮೇಲೆ ಓದಿನಲ್ಲಿ ಸಿಗುವ ನುಡಿ. ಮಾಸ್ತಿಯವರ ಮನೆಮಾತೂ ಕನ್ನಡವಾಗಿರಲಿಲ್ಲ, ತಮಿಳು. ಮುಳಬಾಗಿಲು ಡಿ.ವಿ. ಗುಂಡಪ್ಪನವರು ಹುಟ್ಟಿದ ಊರು. ಅವರು ಬೆಂಗಳೂರಿನಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು, 1970ರಲ್ಲಿ ನಾಡು ಸನ್ಮಾನಿಸಿ ಕೊಟ್ಟ ಹಣವನ್ನು ಅದಕ್ಕೇ ಒಪ್ಪಿಸಿದರು. ಅಂಥವರ ಊರಿನಲ್ಲಿ ಓದುವ ಕೋಣೆಗೆ ಒಳ್ಳೆಯ ಚಾವಣಿ ಬೇಕೆಂದು ಕೇಳುವುದು ಹೆಚ್ಚಿನ ಆಸೆಯಲ್ಲ.

ಮಾಲೂರಿನ ಕಡೆ ಹೋದವರು ಮಾಸ್ತಿಗೂ ಹೋಗಿ ಬನ್ನಿ. ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಒಳಗೆ ಹೋಗಿ ಒಂದು ಕಥೆ ಓದಿ. ನಿಮ್ಮೂರಿಗೆ ಮರಳಿದ ಮೇಲೆ ನಿಮ್ಮ ಗ್ರಂಥಾಲಯದ ಸದಸ್ಯರಾಗಿ, ಮಕ್ಕಳನ್ನೂ ಮಾಡಿಸಿ. ಗ್ರಂಥಾಲಯ ಕರ ಎಷ್ಟು ವಸೂಲಾಗಿದೆ, ಎಷ್ಟು ಗ್ರಂಥಾಲಯಕ್ಕೆ ಹೋಗಿದೆ ಎಂದು ಪುರಸಭೆಗೆ ಒಂದು ಅರ್ಜಿ ಬರೆಯಿರಿ. ಮಾಹಿತಿ ಹಕ್ಕಿನಡಿ ಅದಕ್ಕೆ ತಗಲುವ ಶುಲ್ಕ 10 ರೂಪಾಯಿ.