ಮಂಡ್ಯದಲ್ಲಿ ಪ್ರಾಣಿ ರಕ್ಷಣೆಯ ಬಳಗ ಕಟ್ಟೋದು ಹೇಗೆ? ದಾರಿ ತೋರಿಸುತ್ತೆ ಕೊಕ್ಕರೆ ಬೆಳ್ಳೂರು

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಆದೇಶವೊಂದನ್ನು ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯ ತಾಣದಲ್ಲಿ ಇಡಬೇಕು. ಹಿಡಿದ ಜಾಗಕ್ಕೆ ವಾಪಸ್ ಬಿಡುವಂತಿಲ್ಲ. ಹೆದ್ದಾರಿಗಳ ಮೇಲೆ ಅಲೆಯುವ ದನಗಳನ್ನೂ ತೆರವು ಮಾಡಬೇಕು.

ದೆಹಲಿಯಲ್ಲಿ ಪರ-ವಿರೋಧ ಚರ್ಚೆ ಜೋರಾಗೇ ನಡೆಯಿತು. ಆದರೆ ಮದ್ದೂರು, ಮಳವಳ್ಳಿಯಂಥ ಊರಲ್ಲಿ ನಾಯಿ ಹಿಡಿಯೋರು ಯಾರು? ಆಪರೇಷನ್ ಮಾಡೋ ವೈದ್ಯರು ಯಾರು? ಆಮೇಲೆ ಅನ್ನ ಹಾಕೋರು ಯಾರು? ಇಲ್ಲಿ ಕೆಲಸ ಬಂದು ಬೀಳೋದು ನಾಲ್ಕೈದು ಹುಡುಗ-ಹುಡುಗಿಯರು ಕಟ್ಟಿಕೊಂಡ ಸಣ್ಣ ಸಂಘಟನೆಗಳ ಮೇಲೆ. ಅವರ ಹತ್ತಿರ ದುಡ್ಡಿಲ್ಲ, ಜಾಗವಿಲ್ಲ, ಆಂಬುಲೆನ್ಸ್ ಇಲ್ಲ. ಇಂಥ ಸಂಘಟನೆ ಬದುಕೋದು ಅದಕ್ಕೆ ಗೊತ್ತಿರುವ ಜನರಿಂದ. ಯಾವ ಜನ ಅನ್ನೋದು ಮುಖ್ಯ ಪ್ರಶ್ನೆ. ಪ್ರಾಣಿಪ್ರಿಯರನ್ನು ಮಾತ್ರ ಕೂಡಿಸಿಕೊಂಡ್ರೆ ಸಾಲದು. ಪ್ರಾಣಿಗಳ ಜೊತೆ ದಿನಾ ಬದುಕು ಹಂಚಿಕೊಂಡವರು ಒಳಗೆ ಬರಬೇಕು.

ಕೊಕ್ಕರೆ ಬೆಳ್ಳೂರು ಏನು ಮಾಡಿತು?

ಉದಾಹರಣೆಗೆ ದೂರ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಗೂಡು ಕಟ್ಟಲು ಬರುತ್ತವೆ. ಕಾಡಿಗಲ್ಲ, ಊರೊಳಗಿನ ಹುಣಸೆ, ಅತ್ತಿ, ಅರಳಿ ಮರಗಳಿಗೆ. ಹೆರಿಗೆಗೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತ ಊರಿನವರು ಹೇಳ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮೂಲಕ ಈ ಊರು ಹೊರಜಗತ್ತಿನ ಗಮನಕ್ಕೆ ಬಂತು.

ಪ್ರೀತಿ ಇತ್ತು, ಸಮಸ್ಯೆಯೂ ಇತ್ತು. ಹುಣಸೆ ಹಣ್ಣಾಗೋ ಹೊತ್ತಿಗೇ ಹಕ್ಕಿಗಳು ಮರದ ಮೇಲೆ ಮರಿ ಮಾಡಿರುತ್ತವೆ. ಹಣ್ಣು ಉದುರಿಸಿದ್ರೆ ಗೂಡು ಹಾಳು, ಬಿಟ್ರೆ ರೈತನಿಗೆ ನಷ್ಟ. ಈ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ವ್ಯವಸ್ಥೆ ಬಂತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯವರು ಊರಿನ ಯುವಕರ ಜೊತೆ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟು ಬಲಿತ ಮೇಲೆ ಬಿಡೋದು ಬಳಗದ ಕೆಲಸ. 2007ರಲ್ಲಿ ಸರ್ಕಾರ ಈ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

2017-18ರಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯತೊಡಗಿದವು. ಮರಣೋತ್ತರ ಪರೀಕ್ಷೆಯಲ್ಲಿ ಜಂತುಹುಳು ಸಿಕ್ಕವು. ಇಂಥ ಹೊತ್ತಲ್ಲಿ ಬಿದ್ದ ಹಕ್ಕಿಯನ್ನು ಗಮನಿಸೋ ಊರಿನವ, ಇಲಾಖೆಯ ಸಿಬ್ಬಂದಿ, ಪರೀಕ್ಷೆ ಮಾಡೋ ವೈದ್ಯರು ಮೊದಲೇ ಒಬ್ಬರಿಗೊಬ್ಬರು ಗೊತ್ತಿರಬೇಕು. ಸಾವು ಶುರುವಾದ ಮೇಲೆ ನಂಬರ್ ಹುಡುಕೋಕೆ ಹೊರಟ್ರೆ ತಡವಾಗಿರುತ್ತೆ.

ಈ ಕತೆಯಿಂದ ಕಲಿಯೋದು ಸರಳ. ಮರದ ಮಾಲೀಕನ ನಷ್ಟಕ್ಕೆ ಉತ್ತರ ಕೊಟ್ಟಿದ್ದರಿಂದ ಆತ ಕಾವಲುಗಾರನಾಗಿ ಉಳಿದ. ಊರಿನ ಹುಡುಗರಿಗೆ ಕೆಲಸ ಹಂಚಿದ್ದರಿಂದ ಹೊರಗಿನ ಸಂಸ್ಥೆಗೆ ಬೇರು ಸಿಕ್ಕಿತು.

ಪಟ್ಟಿಯಲ್ಲಿ ಮೊದಲು ಯಾರಿರಬೇಕು?

ಡೇರಿ ಕಾರ್ಯದರ್ಶಿ: ಗೆಜ್ಜಲಗೆರೆಯ ಮನ್‌ಮುಲ್‌ಗೆ ಹಾಲು ಕಳಿಸುವ ಸಂಘಗಳು ಜಿಲ್ಲೆಯ ಹಳ್ಳಿಹಳ್ಳಿಯಲ್ಲಿವೆ. ಬೆಳಿಗ್ಗೆ, ಸಂಜೆ ಹಾಲು ಹಾಕೋಕೆ ಜನ ಬಂದೇ ಬರ್ತಾರೆ. ಯಾರ ಹಸು ಮಲಗಿದೆ, ಯಾವ ಬೀದಿಯಲ್ಲಿ ಹುಚ್ಚುನಾಯಿ ಓಡಾಡ್ತಿದೆ ಅನ್ನೋದು ಮೊದಲು ಗೊತ್ತಾಗೋದು ಅಲ್ಲೇ. ರೇಬೀಸ್ ಬಂದ ನಾಯಿ ಕಚ್ಚಿದ್ರೆ ಹಸುವೂ ಸಾಯುತ್ತೆ. ಹಾಗಾಗಿ ನಾಯಿಗಳಿಗೆ ಲಸಿಕೆ ಹಾಕಿಸೋದು ಡೇರಿಯವರಿಗೂ ಲಾಭದ ಕೆಲಸ.

ಕುರಿ ಸಾಕುವವರು: ಹೆಸರಾಂತ ಬಂಡೂರು ಕುರಿ ತಳಿಗೆ ಹೆಸರು ಕೊಟ್ಟ ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಕುರಿಮರಿಯನ್ನು ನಾಯಿ ಹಿಂಡು ಎಳೆದೊಯ್ದ ಮನೆಯವರಿಗೆ ‘ನಾಯಿಗೂ ಬದುಕುವ ಹಕ್ಕಿದೆ’ ಅಂತ ಭಾಷಣ ಮಾಡಿದ್ರೆ ಬಾಗಿಲು ಮುಚ್ಚುತ್ತೆ. ‘ಸಂತಾನಹರಣ ಆದ್ರೆ ಹಿಂಡು ಬೆಳೆಯೋದು ನಿಲ್ಲುತ್ತೆ, ದಿನಾಂಕ ನಾವು ಗೊತ್ತು ಮಾಡ್ತೀವಿ, ನಾಯಿ ಎಲ್ಲಿ ಮಲಗುತ್ತೆ ನೀವು ತೋರಿಸಿ’ ಅಂದ್ರೆ ಅವರೇ ಜೊತೆಗೆ ಬರ್ತಾರೆ.

ಕಬ್ಬು ಕಡಿಯುವವರು, ಮೇಸ್ತ್ರಿಗಳು: ಕಟಾವಿನ ವೇಳೆ ಗದ್ದೆಯಲ್ಲಿ ಚಿರತೆ ಮರಿ ಸಿಗೋದು ಈ ಜಿಲ್ಲೆಗೆ ಹೊಸದಲ್ಲ. ಮರಿ ಎತ್ತಿಕೊಂಡು ಸೆಲ್ಫಿ ತೆಗೆಯೋ ಮೊದಲು ಅರಣ್ಯ ಇಲಾಖೆಗೆ ಫೋನ್ ಹೋಗಬೇಕು. ಮರಿಯನ್ನು ಸಿಕ್ಕ ಜಾಗದಲ್ಲೇ ಬಿಟ್ಟರೆ ಅನೇಕ ಸಲ ತಾಯಿ ರಾತ್ರಿ ಬಂದು ಕರೆದೊಯ್ಯುತ್ತೆ.

ಇವರ ಜೊತೆಗೆ ಪೌರಕಾರ್ಮಿಕರು, ಗೂಡ್ಸ್ ಆಟೋ ಚಾಲಕರು, ಮಾಂಸದ ಅಂಗಡಿಯವರು, ಔಷಧಿ ಅಂಗಡಿಯವರು. ಗಾಯಗೊಂಡ ಕರುವನ್ನು ರಾತ್ರಿ ಹತ್ತಕ್ಕೆ ಪಶು ಆಸ್ಪತ್ರೆಗೆ ಸಾಗಿಸಲು ಬೇಕಾಗೋದು ಟೆಂಪೋ ಇರೋ ಒಬ್ಬ ಅಣ್ಣ. ಅವರಿಗೆ ಡೀಸೆಲ್ ದುಡ್ಡು ಕೊಡಿ, ಸುಮ್ಮನೆ ‘ಸೇವೆ’ ಅಂತ ದುಡಿಸಬೇಡಿ.

ಕಚೇರಿಗಳಲ್ಲಿ ಯಾರನ್ನು ಹಿಡಿಯಬೇಕು?

ನಾಲ್ಕು ನಂಬರ್ ಬಾಯಿಪಾಠ ಇರಲಿ. ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962, ಅರಣ್ಯ ಇಲಾಖೆಗೆ 1926, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಂಥ ರಾಷ್ಟ್ರೀಯ ಹೆದ್ದಾರಿಗೆ 1033, ಪೊಲೀಸ್‌ಗೆ 112.

ಅದರಾಚೆ ಒಂದು ವೇದಿಕೆಯಿದೆ, ಹೆಚ್ಚಿನವರಿಗೆ ಗೊತ್ತೇ ಇಲ್ಲ. 2001ರ ಕೇಂದ್ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಲೇಬೇಕು. ನಮ್ಮಲ್ಲಿ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಸಭೆ ಕೊನೆಗೆ ನಡೆದಿದ್ದು ಯಾವಾಗ, ನಡಾವಳಿ ಎಲ್ಲಿ, ಅನುದಾನ ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಶುಲ್ಕ 10 ರೂಪಾಯಿ.

ಬೀದಿನಾಯಿಗಳ ವಿಷಯದಲ್ಲಿ 2023ರ ಎಬಿಸಿ ನಿಯಮಗಳು ಹೊಣೆಯನ್ನು ನೇರವಾಗಿ ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿವೆ. ಆಪರೇಷನ್ ನಡೆಸುವ ಸಂಸ್ಥೆಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಸಣ್ಣ ಬಳಗ ತಾನೇ ಆಪರೇಷನ್‌ಗೆ ಇಳಿಯುವ ಬದಲು ನಾಯಿಗಳ ಎಣಿಕೆ, ಜಾಗದ ಗುರುತು, ಆಹಾರ ಹಾಕುವ ಸ್ಥಳದ ಜವಾಬ್ದಾರಿ ಹೊತ್ತು, ಬಜೆಟ್‌ನಲ್ಲಿ ಹಣ ಇಡುವಂತೆ ತನ್ನ ವಾರ್ಡಿನ ಸದಸ್ಯರನ್ನು ಒತ್ತಾಯಿಸಬಹುದು. ಇದು ರಾಜಕೀಯ ಕೆಲಸವೇ. ಹಿಂಜರಿಯಬೇಕಿಲ್ಲ.

ಕಾನೂನಿನ ಮಿತಿಯೂ ಗೊತ್ತಿರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಪ್ರಾಣಿಯನ್ನು ಕೊಂದರೆ ಅಥವಾ ಅಂಗವಿಕಲ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ಕಬ್ಬಿನ ಗಾಡಿಯ ಎತ್ತುಗಳಿಗೂ 1965ರ ನಿಯಮವಿದೆ: ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಆದರೆ ಗಾಡಿಯವನ ಮೇಲೆ ಕೇಸು ಹಾಕಿಸೋದೇ ಗೆಲುವಲ್ಲ. ಕಾರ್ಖಾನೆ ಮುಂದೆ ಸಾಲುಗಟ್ಟಿ ನಿಂತ ಗಾಡಿಗಳಿಗೆ ನೆರಳು, ನೀರು ಕೇಳಬೇಕಾದ್ದು ಆಡಳಿತ ಮಂಡಳಿಯನ್ನ.

ಯಾರಿಂದ ದೂರ ಇರಬೇಕು?

ಮಂಡ್ಯದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳೋಕಾಗಲ್ಲ. ರಾಜ್ಯದ ಜಾನುವಾರು ಹತ್ಯೆ ನಿಷೇಧ ಕಾಯ್ದೆ 2021ರಿಂದ ಜಾರಿಯಲ್ಲಿದೆ. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ದನಗಳ ವಧೆ ಇಲ್ಲ. ಎಚ್‌ಎಫ್ ಗಂಡು ಕರು ಹುಟ್ಟಿದ್ರೆ ರೈತನಿಗೆ ಉಳುಮೆಗೂ ಬೇಡ, ಮಾರೋಕೂ ಆಗಲ್ಲ. ಮೇವು, ಬೂಸ ಮಾತ್ರ ದಿನಾ ಬೇಕು. ರಸ್ತೆಗೆ ಬಿಟ್ಟ ಕರುವಿನ ಹಿಂದೆ ಈ ಲೆಕ್ಕ ಇರುತ್ತೆ. ರೈತನನ್ನು ಕಟುಕ ಅಂತ ಬೈದ್ರೆ ಮುಂದಿನ ಕರುವನ್ನು ಕತ್ತಲಲ್ಲಿ ಬಿಟ್ಟು ಹೋಗ್ತಾನೆ, ನಿಮಗೆ ಫೋನ್ ಮಾಡಲ್ಲ.

2023ರ ಏಪ್ರಿಲ್ 1ರಂದು ಮಳವಳ್ಳಿಯಿಂದ ಕನಕಪುರಕ್ಕೆ ಹೋಗೋ ದಾರಿಯ ಸಾತನೂರಿನಲ್ಲಿ ಮಂಡ್ಯದ ಜಾನುವಾರು ವ್ಯಾಪಾರಿಯೊಬ್ಬರ ಶವ ಸಿಕ್ಕಿತು. ಗೋರಕ್ಷಕರೆಂದು ಹೇಳಿಕೊಂಡ ಗುಂಪಿನ ಮೇಲೆ ಕೊಲೆ ಪ್ರಕರಣ ದಾಖಲಾಯಿತು. ಪ್ರಾಣಿ ದಯೆಯ ಹೆಸರಲ್ಲಿ ವಾಹನ ಅಡ್ಡಗಟ್ಟುವವರ ಗ್ರೂಪಿಗೆ ನಿಮ್ಮ ಬಳಗದ ನಂಬರ್‌ಗಳು ಸೇರಿದ ದಿನ, ಸಂತೆಯ ದಲ್ಲಾಳಿ, ಲಾರಿ ಚಾಲಕ, ಮಾಂಸದ ಅಂಗಡಿಯವರು ನಿಮ್ಮ ಪಟ್ಟಿಯಿಂದ ಹೊರಗೆ ಹೋಗ್ತಾರೆ. ಜಾನುವಾರುಗಳನ್ನು ದಿನಾ ನೋಡೋ ಕಣ್ಣುಗಳೇ ಅವರದ್ದು. ಆದ್ದರಿಂದ ಮೊದಲ ಸಭೆಯಲ್ಲೇ ಬರೆದಿಡಿ: ನಾವು ವಾಹನ ತಡೆಯಲ್ಲ, ಯಾರ ಜಾತಿ-ಧರ್ಮ ಕೇಳಲ್ಲ, ಅನುಮಾನ ಬಂದ್ರೆ 112ಕ್ಕೆ ಹೇಳ್ತೀವಿ, ಅಷ್ಟೇ. ಮಾಹಿತಿ ಕೊಟ್ಟವರ ಹೆಸರು, ಫೋಟೊ ಎಲ್ಲೂ ಹಾಕಲ್ಲ.

ಬಳಗ ಉಳಿಯೋದು ಹೇಗೆ?

ಒಂದು ನೋಟ್‌ಬುಕ್ ಸಾಕು. ಹೆಸರು, ಊರು, ಏನು ಮಾಡಬಲ್ಲರು, ಯಾವ ಹೊತ್ತಲ್ಲಿ ಸಿಗ್ತಾರೆ, ಕೊನೆಗೆ ಮಾತಾಡಿದ್ದು ಯಾವಾಗ. ಅಧಿಕಾರಿಗಳು ವರ್ಗವಾಗ್ತಾರೆ, ಆದ್ದರಿಂದ ಕಚೇರಿಯ ಗುಮಾಸ್ತರು, ಪಶು ಆಸ್ಪತ್ರೆಯ ಸಿಬ್ಬಂದಿಯ ಪರಿಚಯವೂ ಇರಲಿ. ಮೂರು ತಾಲ್ಲೂಕಿಗೆ ಮೂವರು ಹೊಣೆಗಾರರಿರಲಿ. ಎಲ್ಲ ಕರೆಯೂ ಒಬ್ಬರ ಫೋನಿಗೇ ಬಂದ್ರೆ ಆರು ತಿಂಗಳಲ್ಲಿ ಅವರು ಸುಸ್ತಾಗಿ ಸ್ವಿಚ್ ಆಫ್ ಮಾಡ್ತಾರೆ. ಕಷ್ಟದ ಕೇಸಿಗೆ ಹಾಸನ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳ ಸಂಪರ್ಕ ಮೊದಲೇ ಮಾಡಿಕೊಂಡಿರಿ. ತಿಂಗಳ ಜಮಾ-ಖರ್ಚು ಎಲ್ಲರಿಗೂ ಕಾಣುವಂತೆ ಹಾಕಿ, ಐವತ್ತು ರೂಪಾಯಿ ಕೊಟ್ಟವರಿಗೂ ಲೆಕ್ಕ ಸಿಗಲಿ.

ಸಹಾಯ ಮಾಡಿದವರಿಗೆ ಕರು ಉಳಿಯಿತೋ ಇಲ್ಲವೋ ಅಂತ ತಿರುಗಿ ಫೋನ್ ಮಾಡಿ ಹೇಳಿ. ಸತ್ತಿದ್ದರೂ ಹೇಳಿ. ಆ ಒಂದು ಮಾತು ತಲುಪಿದ್ರೆ ಮುಂದಿನ ಸಲ ರಸ್ತೆ ಬದಿ ಬಿದ್ದ ನಾಯಿಯನ್ನು ಕಂಡಾಗ ಟೆಂಪೋ ಅಣ್ಣ ಗಾಡಿ ನಿಲ್ಲಿಸ್ತಾರೆ.